ಕಿಟಕಿ ಪಕ್ಕದ ಸೀಟು

"ತಗೊಳ್ಳಿ ಡ್ರೈವರಣ್ಣ, ಇದು ನಿಮ್ಮ ಕೈಲಿದ್ರೇನೇ ಶೋಭೆ" ಎಂದು ಬನ್ನಣ್ಣ ವ್ಯಾನಿನ ಕೀ ಮುಂದೆ ಚಾಚಿದ್ದೇ ಆ ಭಾನುವಾರದ ಎಲ್ಲ ಫಜೀತಿಗೂ ಮೂಲ.

ಡ್ರೈವರಣ್ಣ ಆ ಕೀಯನ್ನು ನೋಡಿದ್ದು, ಊಟಕ್ಕೆ ಕೂತವನು ತಟ್ಟೆಯ ಅಂಚಿನಲ್ಲಿ ಹಲ್ಲಿಯನ್ನು ನೋಡಿದ ಹಾಗೆ.

ವಾರವಿಡೀ ಸಿಟಿ ಬಸ್ಸು ಓಡಿಸುವವನು ಅವನು. ಭಾನುವಾರವೂ ಅವನಿಗೆ ಬಿಡುವಿರುತ್ತಿರಲಿಲ್ಲ. ಊರಾಚೆಯ ಕೆರೆಗೆ ಜನರನ್ನು ಕರೆದೊಯ್ದು, ಅವರು ನೀರಾಡಿ, ತಿಂದು, ನಕ್ಕು ಬರುವವರೆಗೆ ಸ್ಟಿಯರಿಂಗಿನ ಮೇಲೆ ತಲೆಯಿಟ್ಟು ಕಾಯುವುದು ಅವನ ಪಾಲಿನ ಪಿಕ್ನಿಕ್ಕು. ಈ ಸಲ ಡಿಪೋ ಮ್ಯಾನೇಜರನ ಹಿಂದೆ ಬಿದ್ದು, ಕಾಡಿ ಬೇಡಿ, ಒಂದು ಭಾನುವಾರ ರಜೆ ಗಿಟ್ಟಿಸಿದ್ದ. ಬೇಸಿಗೆ ಮುಗಿಯುತ್ತ ಬಂದಿತ್ತು. ಇನ್ನೇನು ಶಾಲೆ ಶುರುವಾಗುತ್ತದೆ, ಅದಕ್ಕೆ ಮೊದಲು ಬೀದಿಯವರೆಲ್ಲ ಸೇರಿ ಬೇಕರಿ ವ್ಯಾನಿನಲ್ಲಿ ಅದೇ ಕೆರೆಗೆ ಹೋಗಿಬರೋಣ ಎಂದು ತೀರ್ಮಾನವಾಗಿತ್ತು.

ಅವನ ಆಸೆ ಏನೂ ದೊಡ್ಡದಲ್ಲ. ಗಾಡಿಯನ್ನು ಬೇರೆ ಯಾರಾದರೂ ಓಡಿಸಬೇಕು. ತಾನು ಕಿಟಕಿ ಪಕ್ಕ ಕೂರಬೇಕು. ತನ್ನ ಪಕ್ಕ ಹೆಂಡತಿ ಕೂರಬೇಕು. ಇಷ್ಟೇ. ಮದುವೆಯಾದ ಲಾಗಾಯ್ತು ಅವರಿಬ್ಬರೂ ಒಟ್ಟಿಗೆ ಎಲ್ಲಿಗೇ ಹೋಗಿದ್ದರೂ ಅವನು ಓಡಿಸುವ ಬಸ್ಸಿನಲ್ಲೇ ಹೋಗಿದ್ದರು. ಅವಳು ಹಿಂದೆಲ್ಲೋ ಕೂತಿರುತ್ತಿದ್ದಳು. ಅವನು ಕನ್ನಡಿಯಲ್ಲಿ ಅವಳ ಅರ್ಧ ಮುಖ ನೋಡುತ್ತಿದ್ದ. ಉಳಿದರ್ಧಕ್ಕೆ ಯಾರದಾದರೂ ಬುಟ್ಟಿ ಅಡ್ಡ ಇರುತ್ತಿತ್ತು. ಬೇರೆ ಗಂಡಹೆಂಡಿರು ಅದೇ ಬಸ್ಸಿನಲ್ಲಿ ಒತ್ತಿಕೊಂಡು ಕೂತು ಗುಸುಗುಸು ಮಾತಾಡಿ ನಗುವಾಗ ಅವನಿಗೆ ಹೊಟ್ಟೆಯುರಿ. ಇದನ್ನು ಅವಳ ಹತ್ತಿರ ಹೇಳಿರಲಿಲ್ಲ. ಮದುವೆಯಾಗಿ ಇಷ್ಟು ವರ್ಷವಾದ ಮೇಲೆ ಇಂಥದ್ದನ್ನೆಲ್ಲ ಹೇಳಿಕೊಳ್ಳಲು ಗಂಡಸಿಗೆ ನಾಚಿಕೆ ಅಡ್ಡ ಬರುತ್ತದೆ.

ಈಗ ನೋಡಿದರೆ ಈ ಕೀ. ಹೊರಗೆ ಹೋಗಲು ತಯಾರಾಗಿ ನಿಂತ ಬೀದಿಯೇ ಅವನ ಮುಖ ನೋಡುತ್ತಿತ್ತು.

"ನಿಮ್ಮಂಥ ಪಳಗಿದ ಕೈ ಇರುವಾಗ ನಾನು ಓಡಿಸಿದ್ರೆ ನಿಮಗೆ ಅವಮಾನ ಮಾಡಿದ ಹಾಗಲ್ವಾ ಅಣ್ಣಾ?" ಎಂದ ಬನ್ನಣ್ಣ, ಸೋಡಾಬುಡ್ಡಿ ಕನ್ನಡಕವನ್ನು ಮೂಗಿನ ಮೇಲೆ ಸರಿಮಾಡಿಕೊಳ್ಳುತ್ತ. ಬೀದಿಯ ತುದಿಯ ಬೇಕರಿ ಅವನದು. ಅವನಿಗೆ ಬೇರೆ ಹೆಸರಿತ್ತು, ಈಗ ಅದು ಅವನ ಹೆಂಡತಿಗೂ ನೆನಪಿರಲಿಲ್ಲ.

"ಅಯ್ಯೋ, ಕೈ ಉಳುಕಿದೆ ಕಣೋ!" ಎಂದುಬಿಟ್ಟ ಡ್ರೈವರಣ್ಣ. ನಾಲಿಗೆ ಬುದ್ಧಿಗಿಂತ ಮುಂದೆ ಓಡಿತ್ತು.

"ಯಾವ ಕೈ?"

"ಅದೇ... ಈ ಕೈ. ಬಲಗೈ."

"ಯಾವಾಗ?"

"ಬೆಳಗ್ಗೆ. ಬಕೆಟ್ ಎತ್ತುವಾಗ."

ಪಕ್ಕದಲ್ಲಿ ಬುಟ್ಟಿ ಹಿಡಿದು ನಿಂತಿದ್ದ ಹೆಂಡತಿ ಅವನನ್ನೊಮ್ಮೆ ನೋಡಿದಳು. ಆ ಮನೆಯಲ್ಲಿ ಅವನು ಬಕೆಟ್ ಎತ್ತಿದ ಬೆಳಗು ಇನ್ನೂ ಹುಟ್ಟಿರಲಿಲ್ಲ. ಅವಳು ಬುಟ್ಟಿಯನ್ನು ಇನ್ನೊಂದು ಕೈಗೆ ಬದಲಾಯಿಸಿಕೊಂಡಳು, ಅಷ್ಟೇ.

ಮುಂದೆ ನುಗ್ಗಿದ್ದು ನರ್ಸಮ್ಮ. ಮಹಡಿ ಮನೆಯ ನರ್ಸಮ್ಮನಿಗೆ ನಿವೃತ್ತಿಯಾದಾಗಿನಿಂದ ಒಬ್ಬನೇ ಒಬ್ಬ ರೋಗಿ ಸಿಗದೆ ಜೀವ ಚಡಪಡಿಸುತ್ತಿತ್ತು. "ಎಲ್ಲಿ, ಕೊಡು ಇಲ್ಲಿ" ಎಂದವರೇ ಅವನ ಕೈಯನ್ನು ಅತ್ತ ತಿರುಗಿಸಿ, ಇತ್ತ ತಿರುಗಿಸಿ, ಇಲ್ಲದ ನೋವನ್ನು ನಿಜವಾಗಿಯೂ ಬರಿಸಿ, ಚೀಲದಿಂದ ಬ್ಯಾಂಡೇಜ್ ಸುರುಳಿ ತೆಗೆದು ಸುತ್ತತೊಡಗಿದರು. ಸುರುಳಿ ಮುಗಿಯುವವರೆಗೂ ಸುತ್ತಿದರು. ಕೈ ಬನ್ನಣ್ಣನ ಅಂಗಡಿಯ ದೊಡ್ಡ ಬ್ರೆಡ್ಡಿನಷ್ಟಾಯಿತು.

"ಎದೆಗಿಂತ ಮೇಲೆ ಎತ್ತಿ ಹಿಡ್ಕೊಂಡಿರು. ಇಳಿಸಿದೆಯೋ, ಬಾವು ಬರುತ್ತೆ."

ಹೋಗಲಿ, ಸ್ಟಿಯರಿಂಗಿನಿಂದಂತೂ ಪಾರಾದೆ ಎಂದುಕೊಂಡು ಡ್ರೈವರಣ್ಣ ವ್ಯಾನು ಹತ್ತಿದ. ಅದರಲ್ಲಿ ತೆರೆಯುವ ಕಿಟಕಿ ಇದ್ದದ್ದು ಒಂದೇ ಕಡೆ. ಉಳಿದವುಗಳ ಮೇಲೆ ಕೇಕಿನ ಚಿತ್ರ ಬರೆಸಿಯಾಗಿತ್ತು. ಡ್ರೈವರ್ ಪಕ್ಕದ ಸೀಟನ್ನು ಕಿತ್ತು ಬ್ರೆಡ್ ಟ್ರೇಗಳ ಸ್ಟ್ಯಾಂಡ್ ಕೂರಿಸಿದ್ದರು. ಅವನು ಕಿಟಕಿ ಪಕ್ಕದ ಜಾಗ ಹಿಡಿದು, ಮಗ್ಗುಲಿನ ಜಾಗಕ್ಕೆ ಟವೆಲ್ ಹಾಕಿ, "ಬಾರೇ ಇಲ್ಲಿ" ಎಂದು ಹೆಂಡತಿಯನ್ನು ಕರೆದ.

ಟವೆಲ್ ಮೇಲೆ ದೊಪ್ಪನೆ ಕೂತದ್ದು ನರ್ಸಮ್ಮ.

"ಅಲ್ಲಿ ನಮ್ಮ ಮನೆಯವಳು..."

"ಅವಳೇನು ನರ್ಸಾ? ಕೈ ಮೇಲೆ!"

ದಾರಿಯುದ್ದಕ್ಕೂ ಅವನು, ಉತ್ತರ ಗೊತ್ತಿರುವ ಹುಡುಗ ಕ್ಲಾಸಿನಲ್ಲಿ ಕೂತ ಹಾಗೆ, ಕೈಯೆತ್ತಿಕೊಂಡೇ ಕೂತ. ತಮಗೇ ಕೈ ಬೀಸುತ್ತಿದ್ದಾನೆಂದು ತಿಳಿದು ದಾರಿಹೋಕರೆಲ್ಲ ತಿರುಗಿ ಕೈ ಬೀಸಿದರು. ಬನ್ನಣ್ಣ ಗೇರು ಹಾಕಿದಾಗಲೆಲ್ಲ ಹಿಟ್ಟಿನ ಗಿರಣಿಗೆ ಕಲ್ಲು ಬಿದ್ದಂಥ ಸದ್ದು. ಡ್ರೈವರಣ್ಣನ ಕಾಲು ಅಲ್ಲಿಲ್ಲದ ಬ್ರೇಕನ್ನು ಒತ್ತಿ ಒತ್ತಿ ನೋಯತೊಡಗಿತು. ಹೆಂಡತಿ ಮುಂದಿನ ಬೆಂಚಿನ ತುದಿಯಲ್ಲಿ ಕೂತು ಒಂದೇ ಸಮನೆ ರಸ್ತೆ ನೋಡುತ್ತಿದ್ದಳು. ಒಮ್ಮೆಯಾದರೂ ಹಿಂದೆ ತಿರುಗಬಾರದೇ ಎಂದು ಅವನಿಗೆ ಬೇಜಾರಾಯಿತು. ಇರಲಿ, ವಾಪಸು ಬರುವ ದಾರಿ ಇದೆಯಲ್ಲ.

ಕೆರೆಯ ನೀರು ಬೇಸಿಗೆಗೆ ಇಳಿದು ದಡದಲ್ಲಿ ಮರಳು ಎದ್ದು ಕಾಣುತ್ತಿತ್ತು. ಹುಲ್ಲು ಹಳದಿಯಾಗಿತ್ತು. ಬಿಸಿಲು ಚುರುಕಾಗಿದ್ದರೂ ಗಾಳಿಯಲ್ಲಿ ಎಲ್ಲೋ ಒಂದು ಎಳೆ ತಂಪಿತ್ತು. ಮಕ್ಕಳು ವ್ಯಾನು ನಿಲ್ಲುವ ಮೊದಲೇ ನೀರಿಗೆ ಹಾರಿದರು. ಎಷ್ಟೋ ವರ್ಷ ಬಸ್ಸಿನ ಗಾಜಿನಿಂದಲೇ ನೋಡಿದ್ದ ಕೆರೆ; ಅದರ ನೀರು ಇಷ್ಟು ಬೆಚ್ಚಗಿರುತ್ತದೆಂದು ಅವನಿಗೆ ಗೊತ್ತೇ ಇರಲಿಲ್ಲ.

ಊಟದ ಹೊತ್ತಿಗೆ ಹೇಗೋ ಮರದ ಬುಡದಲ್ಲಿ ಅವನಿಗೂ ಹೆಂಡತಿಗೂ ಇಷ್ಟಗಲ ಜಾಗ ಸಿಕ್ಕಿತು. ಬಲಗೈ ಬ್ಯಾಂಡೇಜಿನೊಳಗೆ. ಅವಳೇ ಮೊಟ್ಟೆ ಸುಲಿದು, ಉಪ್ಪು ಸವರಿ, ಬ್ರೆಡ್ಡು ಮುರಿದು ತುತ್ತು ತುತ್ತಾಗಿ ಅವನ ಬಾಯಿಗಿಟ್ಟಳು.

"ತುಂಬಾ ನೋವಾ?"

"ಹೂಂ... ಹಾಗೇನಿಲ್ಲ" ಎಂದ. ಸುಳ್ಳು ಗಂಟಲಲ್ಲಿ ಮೊಟ್ಟೆಯ ಜೊತೆ ಸಿಕ್ಕಿಕೊಂಡಿತು. ಇಂಥ ಹೆಂಡತಿಗೆ ಸುಳ್ಳು ಹೇಳಿದೆನಲ್ಲ ಎಂದು ಅವನಿಗೆ ನಿಜವಾಗಿಯೂ ಸಂಕಟವಾಯಿತು. "ಏನೇ, ನಿನಗೊಂದು ವಿಷಯ ಹೇಳಬೇಕಿತ್ತು."

"ನಾನೂ ಒಂದು ಹೇಳಬೇಕಿತ್ತು ರೀ."

"ಹಾಗಾದ್ರೆ ನೀನೇ ಮೊದಲು ಹೇಳು."

"ಇಲ್ಲ, ನೀವೇ ಹೇಳಿ."

"ಪರವಾಗಿಲ್ಲ, ನೀನು ಹೇಳು."

ಈ ಮರ್ಯಾದೆ ಮುಗಿಯುವಷ್ಟರಲ್ಲಿ ಕಿವಿಯ ಪಕ್ಕ ಸೀಟಿ ಕೂಗಿತು. ಡ್ರಿಲ್ ಮೇಷ್ಟ್ರು! ರಜೆಯಲ್ಲೂ ಕೊರಳಲ್ಲಿ ಸೀಟಿ ತೂಗಿಸಿಕೊಂಡೇ ಓಡಾಡುವ ಆಸಾಮಿ.

"ಒಂದು ಕೈ ಉಳುಕಿದ್ರೆ ಏನಂತೆ, ಇನ್ನೊಂದಿದೆಯಲ್ಲ? ಏಳಿ, ಏಳಿ! ಚೆಂಡಾಟಕ್ಕೆ ಒಬ್ರು ಕಡಿಮೆ ಬಿದ್ದಿದ್ದಾರೆ" ಎಂದು ಅವನನ್ನು ಎಬ್ಬಿಸಿ ದಡಕ್ಕೆ ತಂದು ನಿಲ್ಲಿಸಿಯೇ ಬಿಟ್ಟರು.

ಮೊದಲ ಚೆಂಡು ನೇರ ಅವನ ಮುಖಕ್ಕೇ ಬಂತು. ಬ್ಯಾಂಡೇಜಿನ ಕೈ ತಾನಾಗಿ ಮೇಲೆದ್ದು ಅದನ್ನು ಗಪ್ಪನೆ ಹಿಡಿಯಿತು. ಬಹಳ ಚೆನ್ನಾಗಿಯೇ ಹಿಡಿಯಿತು. ಆಟ ನಿಂತಿತು. ದೂರದಲ್ಲಿ ನರ್ಸಮ್ಮ ಕೈಲಿದ್ದ ಲೋಟ ಕೆಳಗಿಟ್ಟು ಎದ್ದು ನಿಂತರು.

"ಅಮ್ಮಾ!" ಎಂದು ಡ್ರೈವರಣ್ಣ ಚೀರಿದ, ಸ್ವಲ್ಪ ತಡವಾಗಿ.

"ಕೈ ಎತ್ತಿ ಹಿಡ್ಕೋ ಅಂದ್ರೆ ಚೆಂಡು ಹಿಡೀತೀಯಾ? ಇನ್ನೊಂದು ಸಲ ನೋಡಿದ್ರೆ ಹಲಗೆ ಕಟ್ತೀನಿ" ಎಂದು ನರ್ಸಮ್ಮ ಅಲ್ಲಿಂದಲೇ ಗುಡುಗಿದರು.

ಅನುಮಾನ ನೀಗಿಸಬೇಕಲ್ಲ? ಎಲ್ಲರಿಗೂ ಕಾಣುವ ಹಾಗೆ ಚೆಂಡನ್ನು ಎಡಗೈಗೆ ವರ್ಗಾಯಿಸಿ ಬೀಸಿ ಎಸೆದ. ಹುಟ್ಟಿದಾಗಿನಿಂದ ಆ ಎಡಗೈ ಚೆಂಡೆಸೆದದ್ದಿಲ್ಲ. ಮೇಷ್ಟ್ರ ಕಡೆ ಹೋಗಬೇಕಾದ ಚೆಂಡು ಅಡ್ಡಕ್ಕೆ ಹಾರಿ, ಸೊಂಟದವರೆಗಿನ ನೀರಿನಲ್ಲಿ ಕಣ್ಣು ಮುಚ್ಚಿ, ಹಾಡು ಗುನುಗುತ್ತ ನಿಂತಿದ್ದ ಬನ್ನಣ್ಣನ ಮೂಗಿನ ಮೇಲೆ ಕೂತಿತು. ಕನ್ನಡಕ ಆಕಾಶಕ್ಕೆ ನೆಗೆದು, ಒಮ್ಮೆ ಮಿಂಚಿ, ಕೆರೆಗೆ ಬಿತ್ತು.

ಮಕ್ಕಳೆಲ್ಲ ಮುಳುಗಿ ಹುಡುಕಿದರು. ಒಂದು ಚಪ್ಪಲಿ ಸಿಕ್ಕಿತು, ಡಬ್ಬಿಯ ಮುಚ್ಚಳ ಸಿಕ್ಕಿತು. ಕನ್ನಡಕ ಸಿಗಲಿಲ್ಲ. ಹೊತ್ತು ಇಳಿಯತೊಡಗಿತು.

ಮೇಷ್ಟ್ರು ಬನ್ನಣ್ಣನ ಮುಖದ ಮುಂದೆ ಬೆರಳು ಹಿಡಿದರು. "ಇದೆಷ್ಟು ಹೇಳು."

"ಯಾರದು ಮಾತಾಡಿದ್ದು?" ಎಂದ ಬನ್ನಣ್ಣ ಮರದ ಕಡೆ ತಿರುಗಿ.

ಇವನ ಕೈಗೆ ಕೀ ಕೊಟ್ಟರೆ ವ್ಯಾನು ಕೆರೆಯ ತಳದಲ್ಲೇ ನಿಲ್ಲುವುದು ಎಂದು ಎಲ್ಲರಿಗೂ ಖಾತ್ರಿಯಾಯಿತು. ಮೇಷ್ಟ್ರಿಗೆ ಸೈಕಲ್ ಬಿಟ್ಟು ಬೇರೇನೂ ಓಡಿಸಲು ಬಾರದು, ಉಳಿದವರಿಗೆ ಅದೂ ಇಲ್ಲ. "ಸಂಜೆ ಇಲ್ಲಿಗೆ ಬಸ್ಸು ಬರುತ್ತಲ್ವಾ?" ಎಂದು ಯಾರೋ ಕೇಳಿದರು.

"ಇವತ್ತು ಬರಲ್ಲ" ಎಂದ ಡ್ರೈವರಣ್ಣ ಸಣ್ಣ ದನಿಯಲ್ಲಿ. "ಅದರ ಡ್ರೈವರ್ ರಜೆ ಹಾಕಿದ್ದಾನೆ."

ಒದ್ದೆ ಮಕ್ಕಳು ಟವೆಲ್ ಸುತ್ತಿಕೊಂಡು ನಡುಗುತ್ತಿದ್ದವು. ಎಲ್ಲರ ಕಣ್ಣೂ ಅವನ ಕೈಯ ಮೇಲೆ. ಅವನಿಗೆ ತನ್ನ ಮೇಲೇ ಹೇಸಿಗೆಯಾಯಿತು. ಒಂದು ಸೀಟಿನ ಆಸೆಗೆ ಇಷ್ಟು ಜನರನ್ನು ನಡುನೀರಿನಲ್ಲಿ ನಿಲ್ಲಿಸಿದೆನಲ್ಲ! ಬೈದರೆ ಬೈಯಲಿ, ಈ ಬೇಸಿಗೆಯೂ ಹೀಗೇ ಹೋಗಲಿ, ಸತ್ಯ ಹೇಳಿ ಕೀ ಇಸಿದುಕೊಳ್ಳುವುದೇ ಸರಿ ಎಂದು ಗಟ್ಟಿಮನಸ್ಸು ಮಾಡಿ, ಬ್ಯಾಂಡೇಜಿನ ತುದಿ ಎಲ್ಲಿದೆ ಎಂದು ತಡಕತೊಡಗಿದ.

ಅವನ ಕೈಯ ಮೇಲೆ ಹೆಂಡತಿಯ ಕೈ ಬಿತ್ತು.

"ಬಿಚ್ಚಬೇಡಿ" ಎಂದಳು. ಆಮೇಲೆ ದನಿ ಎತ್ತರಿಸಿ, "ಬನ್ನಣ್ಣ, ಕೀ ಕೊಡಿ ಇಲ್ಲಿ. ನಾನು ಓಡಿಸ್ತೀನಿ."

ಮೇಷ್ಟ್ರ ಬಾಯಿಂದ ಸೀಟಿ ಜಾರಿತು. ಅವಳು ಬುಟ್ಟಿಯ ತಳದ ಪರ್ಸಿನಿಂದ ಒಂದು ಕಾರ್ಡು ತೆಗೆದು ಗಂಡನ ಮುಂದೆ ಹಿಡಿದಳು. ಲೈಸೆನ್ಸು! ಅದರಲ್ಲಿ ಅವಳದೇ ಫೋಟೋ, ಬೆಚ್ಚಿಬಿದ್ದವಳ ಹಾಗೆ ಕಣ್ಣರಳಿಸಿಕೊಂಡು.

"ಯಾ... ಯಾವಾಗ ಕಲಿತೆ?"

"ಬೆಳಗ್ಗೆ ನೀವು ಮೊದಲನೇ ಟ್ರಿಪ್ಪಿಗೆ ಹೋಗ್ತಿದ್ರಲ್ಲ, ಆಮೇಲೆ. ಮೂಲೆಯ ಡ್ರೈವಿಂಗ್ ಸ್ಕೂಲಲ್ಲಿ." ಅವನನ್ನು ಪಕ್ಕಕ್ಕೆಳೆದು ದನಿ ತಗ್ಗಿಸಿದಳು. "ನೀವು ಬಕೆಟ್ ಎತ್ತಿಲ್ಲ ಅಂತ ನನಗೆ ಗೊತ್ತಿಲ್ವೇನ್ರೀ? ವಾರವೆಲ್ಲ ಓಡಿಸಿ ಓಡಿಸಿ ಸಾಕಾಗಿರುತ್ತೆ, ಪಾಪ. ಭಾನುವಾರನಾದ್ರೂ ಆ ಸ್ಟಿಯರಿಂಗ್ ಬಿಟ್ಟು, ಹಾಯಾಗಿ ಕಿಟಕಿ ಪಕ್ಕ ಕೂತು ಬರ್ಲಿ ಅಂತಲೇ ನಾನು ಕಲ್ತದ್ದು. ಊಟದ ಹೊತ್ತಲ್ಲಿ ಇದನ್ನೇ ಹೇಳೋಣ ಅಂದ್ಕೊಂಡಿದ್ದೆ." ಅವಳ ಮುಖ ಬಿಸಿಲಿಗಿಂತ ಹೆಚ್ಚು ಕೆಂಪಾಗಿತ್ತು. "ನೀವೇನೋ ಹೇಳ್ಬೇಕು ಅಂತಿದ್ರಲ್ಲ?"

ಡ್ರೈವರಣ್ಣ ಬಾಯಿ ತೆರೆದ. ತನಗೋಸ್ಕರ ನಿದ್ದೆಗೆಟ್ಟು ಕ್ಲಚ್ಚು ಗೇರು ಕಲಿತು ನಿಂತವಳ ಎದುರು, ನನಗೆ ಬೇಕಾಗಿದ್ದು ಕಿಟಕಿಯಲ್ಲ, ನೀನು ಎಂದು ಹೇಗೆ ಹೇಳುವುದು? ಅವನ ಕಣ್ಣು ತುಂಬಿಬಂತು.

"ಏನಿಲ್ಲ" ಎಂದ.

"ನೋವು ಅಂತ ಕಾಣುತ್ತೆ" ಎಂದರು ಅತ್ತಿಂದ ಬಂದ ನರ್ಸಮ್ಮ.

ವ್ಯಾನು ಹೊರಟಿತು. ಗೇರು ಬೆಣ್ಣೆಯಲ್ಲಿ ಚಾಕು ಇಳಿದಂತೆ ಬಿತ್ತು. ಡ್ರೈವರಣ್ಣನ ಎದೆ ಹೆಮ್ಮೆಯಿಂದ ಉಬ್ಬಿತು. ತಾನೇ ಹೇಳಿಕೊಟ್ಟಿದ್ದರೂ ಇಷ್ಟು ಚೆನ್ನಾಗಿ ಕಲಿಯುತ್ತಿರಲಿಲ್ಲ. ಕಿಟಕಿ ಅವನದೇ ಆಗಿತ್ತು, ಹೊರಗೆ ಹೊಲಗಳ ಮೇಲೆ ಸಂಜೆಯ ಬೆಳಕಿತ್ತು. ಪಕ್ಕದಲ್ಲಿ ಬನ್ನಣ್ಣ ಕೂತಿದ್ದ. ಹೆಂಗಸರ ಬೆಂಚಿನಲ್ಲಿ ಕುರುಡುಗಣ್ಣಿನಿಂದ ಯಾರ ಮೇಲಾದರೂ ಕೂತಾನೆಂದು ಮೇಷ್ಟ್ರೇ ತಂದು ಅಲ್ಲಿ ಕೂರಿಸಿದ್ದರು.

"ಅಣ್ಣಾ, ಈಗ ಏನು ಬಂತು?"

"ಮರ."

"ಎಂಥ ಮರ?"

"ದೊಡ್ಡ ಮರ."

"ಆಮೇಲೆ?"

"ಹಸು."

"ಏನು ಮಾಡ್ತಿದೆ?"

ಡ್ರೈವರಣ್ಣ ತಡೆಯಲಾರದೆ ಮುಂದಕ್ಕೆ ಬಗ್ಗಿ, "ಏನೇ, ಕೇಳಿಸ್ತಾ? ನಾನು ಹೇಳಬೇಕು ಅಂದಿದ್ದು..." ಎಂದು ಕೂಗಿದ.

"ಗಾಡಿ ಓಡಿಸೋವಾಗ ಮಾತಾಡಿಸಬೇಡಿ ರೀ" ಎಂದಳು ಅವಳು ರಸ್ತೆಯಿಂದ ಕಣ್ಣು ತೆಗೆಯದೆ. "ಸ್ಕೂಲಲ್ಲಿ ಖಡಾಖಂಡಿತವಾಗಿ ಹೇಳಿದ್ದಾರೆ."

ವ್ಯಾನಿಗೆ ವ್ಯಾನೇ ಚಪ್ಪಾಳೆ ತಟ್ಟಿತು. ಡ್ರಿಲ್ ಮೇಷ್ಟ್ರು ಎದ್ದು ನಿಂತು ಸೀಟಿ ಊದಿ, ಮಳೆ ಹಿಡಿಯುವವರೆಗೆ ಪ್ರತಿ ಭಾನುವಾರ ಕೆರೆ, ಡ್ರೈವರಣ್ಣನ ರಜೆಗೆ ಡಿಪೋ ಮ್ಯಾನೇಜರನನ್ನು ಒಪ್ಪಿಸುವ ಹೊಣೆ ತನ್ನದು, ಅಕ್ಕನದೇ ಡ್ರೈವಿಂಗು, ಎಲ್ಲರೂ ಇವತ್ತು ಕೂತ ಜಾಗದಲ್ಲೇ ಕೂರತಕ್ಕದ್ದು ಎಂದು ಘೋಷಿಸಿದರು. ಒಬ್ಬರೂ ಬೇಡ ಎನ್ನಲಿಲ್ಲ.

ಗಾಳಿ ತಂಪಾಯಿತು. ಮಾತು ಒಂದೊಂದಾಗಿ ಅಡಗಿ, ಮಕ್ಕಳು ಒಬ್ಬರ ಮೇಲೊಬ್ಬರು ಮಲಗಿದವು. ಸ್ವಲ್ಪ ಹೊತ್ತಿಗೆ ಡ್ರೈವರಣ್ಣನ ಭುಜದ ಮೇಲೂ ಒಂದು ತಲೆ ಮೆಲ್ಲಗೆ ಬಂದು ಒರಗಿತು, ಯೀಸ್ಟಿನ ವಾಸನೆಯದು. ಮುಂದೆ ರಸ್ತೆಯ ತುಂಬ ಗುಂಡಿಗಳಿದ್ದವು. ಅವಳು ಗಂಡನಿಗೆ ಒಂದು ಕುಲುಕೂ ತಗಲಬಾರದೆಂದು ಒಂದೊಂದನ್ನೂ ಎಷ್ಟು ನಾಜೂಕಾಗಿ ದಾಟಿಸಿದಳೆಂದರೆ, ಮನೆ ಮುಟ್ಟುವವರೆಗೂ ಬನ್ನಣ್ಣನಿಗೆ ಎಚ್ಚರವೇ ಆಗಲಿಲ್ಲ.