ಪಕ್ಕದವರ ಎಲೆ ನೋಡಿದರೆ

ನನ್ನ ಗಂಡ ವೆಂಡಲ್ ಮೂವತ್ತೊಂದು ವರ್ಷ ರೀನೋ ಪಟ್ಟಣದಲ್ಲಿ ಅಂಚೆ ಹಂಚಿದವರು. ಅಷ್ಟೂ ವರ್ಷ ಒಬ್ಬರ ಕಾಗದವನ್ನೂ ಇಣುಕಿ ನೋಡದ ಈ ಮಹಾನುಭಾವರು, ನಿವೃತ್ತರಾದ ಮೂರನೆಯ ತಿಂಗಳಿಗೆ ಪಕ್ಕದವರ ಇಸ್ಪೀಟ್ ಎಲೆ ನೋಡುವುದೇ ಮೋಕ್ಷಮಾರ್ಗವೆಂದು ಸಾರತೊಡಗಿದರು.

"ನೋಡು ಮಾರ್ಲಿಸ್, ಕ್ಯಾಸಿನೋದಲ್ಲಿ ನಾವು ಒಬ್ಬರ ಮೇಲೊಬ್ಬರು ಆಡೋದಲ್ಲ, ಕ್ಯಾಸಿನೋ ಮೇಲೆ ಆಡೋದು. ಮೇಜಿನ ಸುತ್ತ ಮನೆಯವರೇ ಕೂತು ಎಲೆ ತಿಳಿಸಿಕೊಂಡ್ರೆ, ಮುಂದೆ ಬರೋದು ಯಾವುದಲ್ಲ ಅಂತ ಗೊತ್ತಾಗುತ್ತೆ."

"ಯಾವುದು ಅಂತಲೋ?"

"ಯಾವುದಲ್ಲ ಅಂತ."

"ನಾನು ಯಾರನ್ನ ಮದುವೆ ಆಗಬಾರದಿತ್ತು ಅಂತ ನನಗೂ ಈಗ ಗೊತ್ತಾಗ್ತಿದೆ," ಎಂದೆ.

ಈ ಮಹಾಯಜ್ಞಕ್ಕೆ ತಮ್ಮ ತಂಗಿ ರೋಡಾಳನ್ನೂ ಅವಳ ಗಂಡ ಓರ್ವಿಲ್‌ನನ್ನೂ ಸೇರಿಸಿಕೊಂಡರು. (ಓರ್ವಿಲ್ ಎಂದರೆ, ಸಿಗ್ನಲ್ ದೀಪದ ಎದುರು ಕಾರು ನಿಲ್ಲಿಸಿ "ಈಗ ಯಾವ ಬಣ್ಣ?" ಎಂದು ಹೆಂಡತಿಯನ್ನು ಕೇಳುವ ಮನುಷ್ಯ.) ಎಲೆಗಳನ್ನು ಬಾಯಿಬಿಟ್ಟು ಹೇಳುವಂತಿಲ್ಲವಾದ್ದರಿಂದ ಸಂಜ್ಞೆಗಳು ಹುಟ್ಟಿಕೊಂಡವು. ಎರಡು ವಾರ ನಮ್ಮ ಊಟದ ಕೋಣೆಯಲ್ಲಿ ಮೂವರೂ ಮೂಗು ಒರೆಸಿ, ಗಲ್ಲ ಕೆರೆದು, ಹುಬ್ಬು ಹಾರಿಸಿ ಅಭ್ಯಾಸ ಮಾಡಿದರು. ಎದುರುಮನೆಯಾಕೆ ಕಿಟಕಿಯಿಂದ ನೋಡಿ ಪಾಪವೆನಿಸಿ ಚಿಗಟದ ಪುಡಿ ತಂದುಕೊಟ್ಟಳು.

"ಅತ್ತಿಗೆ, ನೀನೂ ಕಲೀಬಾರದಾ? ನಾಲ್ಕನೇ ಕುರ್ಚಿ ಖಾಲಿ ಇದೆ," ಎಂದಳು ರೋಡಾ.

"ಕುರ್ಚಿ ತುಂಬೋಕೆ ಬರ್ತೀನಿ. ಕಲಿಯೋಕೆ ನನಗೆ ಇನ್ನೂ ತಲೆ ಕೆಟ್ಟಿಲ್ಲ," ಎಂದೆ. "ಒಂದು ಸಲ, ಒಂದೇ ಒಂದು ಸಲ ಇದರಿಂದ ಉಪಯೋಗ ಆದ್ರೆ ನಿಮ್ಮ ಪಾಠಶಾಲೆಗೆ ನಾನೂ ಸೇರ್ತೀನಿ. ಆಗದಿದ್ರೆ ಪಾಠಶಾಲೆ ಬಂದ್."

ವೆಂಡಲ್ ಒಪ್ಪಿ ಕೈಕುಲುಕಿದರು. ಗುರುವಾರ ಮಧ್ಯಾಹ್ನ ಕ್ಯಾಸಿನೋಗೆ ದಂಡೆತ್ತಿ ಹೋದೆವು.

ಎಲೆ ಹಂಚುವವಳು ನೆನಿತಾ ಎಂಬ ಗಂಭೀರ ಮುಖದ ಫಿಲಿಪೀನ್ಸ್ ಹೆಂಗಸು. ಆಟ ಸುಲಭ. ನಮ್ಮ ಕೈಗೆ ತಲಾ ಮೂರು ಎಲೆ. ನಡುವೆ ಎಲ್ಲರಿಗೂ ಸೇರಿದ ಎರಡು ಎಲೆ ಮುಚ್ಚಿರುತ್ತವೆ. ಅವನ್ನು ಒಂದೊಂದಾಗಿ ತೆರೆಯುತ್ತಾರೆ. ಐದೂ ಸೇರಿ ದೊಡ್ಡ ಜೋಡಿಯೋ ನೇರ ಸಾಲೋ ಆದರೆ ಗೆಲುವು, ಇಲ್ಲದಿದ್ದರೆ ಪಣ ಕ್ಯಾಸಿನೋಗೆ. ಪಣವನ್ನು ಮೂರು ಪಾಲು ಮಾಡಿ ಇಟ್ಟಿರಬೇಕು. ಧೈರ್ಯ ಸಾಲದಿದ್ದರೆ, ಒಂದೊಂದು ಎಲೆ ತೆರೆಯುವ ಮುಂಚೆ ಒಂದೊಂದು ಪಾಲನ್ನು ಹಿಂದಕ್ಕೆ ಎಳೆದುಕೊಳ್ಳಬಹುದು.

ಎರಡು ಗಂಟೆ ಆಡಿದೆವು. ಮೂವರ ಅಂಗಚೇಷ್ಟೆಯನ್ನು ವರ್ಣಿಸಲು ನನ್ನಿಂದಾಗದು. ರೋಡಾ ಮೂಗು ಒರೆಸಿ ಒರೆಸಿ ಪೌಡರ್ ಅಳಿಸಿಕೊಂಡಳು. ಓರ್ವಿಲ್ ನಿಜವಾಗಿಯೇ ಒಮ್ಮೆ ಸೀನಿದ್ದನ್ನು ಸಂಜ್ಞೆಯೆಂದು ತಿಳಿದ ವೆಂಡಲ್, ಇಲ್ಲದ ರಾಣಿಯನ್ನು ಲೆಕ್ಕಕ್ಕೆ ಹಿಡಿದು ಕೆಟ್ಟರು. ಪಣದ ಬಿಲ್ಲೆಗಳು ಮಾತ್ರ ಯಾವ ಸಂಜ್ಞೆಗೂ ಕಾಯದೆ ನೆನಿತಾಳ ಕಡೆಗೇ ನಡೆದವು.

"ನೋಡದೆ ಇದ್ದಿದ್ರೆ ಇನ್ನೂ ಹೆಚ್ಚು ಹೋಗ್ತಿತ್ತು," ಎಂದು ವೆಂಡಲ್ ಪಿಸುಗುಟ್ಟಿದರು.

"ಇನ್ನು ಹೋಗೋಕೆ ಉಳಿದಿರೋದು ನಿಮ್ಮ ಪ್ಯಾಂಟೇ."

ಆಗ ನನ್ನ ಕೈಗೆ ಐದು, ಆರು, ಎಂಟು ಬಂದವು. ಪಣ ಎಳೆದುಕೊಳ್ಳುವುದೇ ಲೋಕರೂಢಿ; ಆದರೆ ಗೆಲುವು ಹೇಗಿರುತ್ತದೆಂದು ಈ ಮೂಗೊರೆಸುವ ಮಂಡಳಿಗೆ ತೋರಿಸುವ ಹಟ ಹುಟ್ಟಿತು. ಪಣವನ್ನು ಹಾಗೇ ಬಿಟ್ಟೆ. ನೆನಿತಾ ಮೊದಲ ಎಲೆ ತೆರೆದಳು. ಒಂಬತ್ತು. ಉಳಿದ ಎಲೆ ಏಳಾಗಿಬಿಟ್ಟರೆ ಐದರಿಂದ ಒಂಬತ್ತರವರೆಗೆ ನೇರ ಸಾಲು.

ತಲೆಯೆತ್ತಿ ನೋಡಿದರೆ ವೆಂಡಲ್ ಕಿವಿ ಜಗ್ಗುತ್ತಿದ್ದಾರೆ. ರೋಡಾ ಕಿವಿ ಜಗ್ಗುತ್ತಿದ್ದಾಳೆ. ಓರ್ವಿಲ್ ಅಂತೂ ಮೇಷ್ಟ್ರ ಎದುರು ಬಸ್ಕಿ ಹೊಡೆಯುವವನಂತೆ ಎರಡೂ ಕಿವಿ ಹಿಡಿದು ನನ್ನನ್ನೇ ದೀನವಾಗಿ ದಿಟ್ಟಿಸುತ್ತಿದ್ದಾನೆ. ಹೊಟ್ಟೆಕಿಚ್ಚು ಕಿವಿಗೆ ಏರಿದೆ ಎಂದುಕೊಂಡೆ.

"ಮಾರ್ಲಿಸ್, ಎಳ್ಕೋ," ಎಂದರು ವೆಂಡಲ್ ತುಟಿ ಅಲುಗಿಸದೆ.

"ಕಿವಿನಾ? ನಿಮ್ಮದು ನೀವು ಎಳ್ಕೊಳ್ಳಿ," ಎಂದು ಹೇಳಿ ಬಿಲ್ಲೆಗಳ ಮೇಲಿಂದ ಕೈ ತೆಗೆದೆ. "ಏಳು ಬರುತ್ತೆ. ನನಗೆ ಯಾರ ಎಲೇನೂ ನೋಡಬೇಕಿಲ್ಲ."

ನೆನಿತಾ ಒಂದು ಕ್ಷಣ ತಡೆದಳು. ನನ್ನನ್ನು ನೋಡಿದಳು. ಆಮೇಲೆ ಕೊನೆಯ ಎಲೆ ತೆರೆದಳು. ಎರಡು.

ಮೂವರೂ ತಮ್ಮ ಎಲೆಗಳನ್ನು ಮೇಜಿನ ಮೇಲೆ ಮೆಲ್ಲಗೆ ಬಿಚ್ಚಿಟ್ಟರು. ವೆಂಡಲ್ ಹತ್ತಿರ ಒಂದು ಏಳು. ರೋಡಾ ಹತ್ತಿರ ಒಂದು. ಓರ್ವಿಲ್ ಹತ್ತಿರ ಎರಡು. ಇಡೀ ಕಟ್ಟಿನಲ್ಲಿ ಏಳು ಇರುವುದೇ ನಾಲ್ಕು.

"ಕಿವಿ ಅಂದ್ರೆ ಏಳು ಅತ್ತಿಗೆ," ಎಂದಳು ರೋಡಾ, ಅಳುವ ದನಿಯಲ್ಲಿ.

ನೆನಿತಾ ನನ್ನ ಮೂರೂ ಪಾಲನ್ನು ಬಳಿದುಕೊಳ್ಳುತ್ತ, ಮೇಲ್ವಿಚಾರಕನಿಗೆ ಕೇಳಿಸದಷ್ಟು ಸಣ್ಣಗೆ ಹೇಳಿದಳು: "ಮೇಡಂ, ನಾನು ಹನ್ನೆರಡು ವರ್ಷದಿಂದ ಇಂಥ ಮನೆಮಂದೀನ ನೋಡ್ತಿದ್ದೀನಿ. ಒಂದೇ ಗಂಟೇಲಿ ನನಗೇ ನಿಮ್ಮ ಸಂಜ್ಞೆ ಎಲ್ಲಾ ಬಾಯಿಪಾಠ ಆಗಿತ್ತು. ಮೇಜಿನಲ್ಲಿ ಗೊತ್ತಿಲ್ಲದೆ ಇದ್ದವರು ನೀವೊಬ್ಬರೇ."

ಆ ಮಧ್ಯಾಹ್ನವಿಡೀ ಪಕ್ಕದವರ ಎಲೆಯಿಂದ ನಿಜವಾಗಿ ಉಪಯೋಗವಾಗಬಹುದಾಗಿದ್ದ ಆಟ ಅದೊಂದೇ. ವೆಂಡಲ್ ದಾರಿಯುದ್ದಕ್ಕೂ ಒಂದು ಮಾತೂ ಆಡಲಿಲ್ಲ. ಆಡಿದ್ದರೆ ಜಗಳವಾಡಿ ಗೆಲ್ಲಬಹುದಿತ್ತು. ಕೊಟ್ಟ ಮಾತಿನಂತೆ ಸೋಮವಾರದಿಂದ ನನಗೂ ಪಾಠ ಶುರುವಾಯಿತು. ನಿನ್ನೆ ಮೊದಲ ಪರೀಕ್ಷೆ. ನಾನು ಫೇಲು. ದಡ್ಡರಿಗೆ ಪ್ರತ್ಯೇಕವಾಗಿ ಹೇಳಿಕೊಡುವ ಜವಾಬ್ದಾರಿಯನ್ನು ಓರ್ವಿಲ್ ವಹಿಸಿಕೊಂಡಿದ್ದಾನೆ.