ಎಂ.ಎ. ಮಧುಸೂದನನ ಅ ಆ ಇ ಈ

ರಿಪ್ಪನ್‌ಪೇಟೆಯಲ್ಲಿ ಪ್ರಿಂಟಿಂಗ್ ಪ್ರೆಸ್ ಇಟ್ಟುಕೊಂಡಿದ್ದ ಮಧುಸೂದನ ಆ ದಿನ ಬೆಳಿಗ್ಗೆ ದುಗ್ಗಮ್ಮನ ಹೋಟೆಲಿನಲ್ಲಿ ಚಹಾ ಕುಡಿಯುತ್ತ ಬಾಯಿ ತಪ್ಪಿ ಒಂದು ಮಾತು ಆಡಿದ.

"ಮಧ್ಯಾಹ್ನ ಪ್ರೆಸ್ ಬಾಗ್ಲು ಹಾಕಿರ್ತೀನಿ ದುಗ್ಗಮ್ಮ. ವಯಸ್ಕರ ಶಿಕ್ಷಣದ್ದು ಪರೀಕ್ಷೆ ಇದೆ ನಂಗೆ."

ನಲವತ್ತು ದಾಟಿದ ಮೇಲೆ ಅವನು ಗುಟ್ಟಾಗಿ ಅಂಚೆ ಮೂಲಕ ಎಂ.ಎ. ಓದುತ್ತಿದ್ದ. ದೊಡ್ಡವರಿಗೆ ಅಕ್ಷರ ಕಲಿಸುವುದು ಹೇಗೆ ಎಂಬುದೇ ಅದರ ವಿಷಯ. ಪ್ರೆಸ್ಸನ್ನು ಹೆಂಡತಿಗೆ ಒಪ್ಪಿಸಿ ಸಾಕ್ಷರತೆಯ ಕೆಲಸಕ್ಕೆ ಸೇರಬೇಕೆಂಬುದು ಅವನ ಆಸೆ. ಅವನು ಪಾಠ ಮಾಡುವುದನ್ನು ನೋಡಿ ಅಂಕ ಕೊಡಲು ಅಂದು ವಿಶ್ವವಿದ್ಯಾಲಯದಿಂದ ಮೇಡಂ ಬರುವವರಿದ್ದರು. ಇದರಲ್ಲಿ ಫೇಲಾದರೆ ಡಿಗ್ರಿಯೇ ಇಲ್ಲ.

ಪಕ್ಕದ ಬೆಂಚಿನಲ್ಲಿದ್ದ ಸೈಕಲ್ ಶಾಪಿನ ಭೂತಪ್ಪನಿಗೆ ಗೊತ್ತಿದ್ದ ವಯಸ್ಕರ ಶಿಕ್ಷಣ ಬೇರೆ. ಅವನ ಅಪ್ಪನಿಗೆ ಹಿಂದೊಮ್ಮೆ ಹೆಬ್ಬೆಟ್ಟು ಬಿಡಿಸಿ ಸಹಿ ಕಲಿಸಿದ್ದರಲ್ಲ, ಅದು. ಕಾಲು ಮುರಿದುಕೊಂಡವನನ್ನು ನೋಡುವ ಹಾಗೆ ಅವನು ಮಧುಸೂದನನನ್ನು ನೋಡಿದ. ಪಾಪ, ಓದು ಬರಹ ಬಾರದೆ ಇಷ್ಟು ವರ್ಷ ಪ್ರೆಸ್ ನಡೆಸಿದನಲ್ಲ!

ಸುದ್ದಿ ಕಾದ ಎಣ್ಣೆಗೆ ಬಿದ್ದ ಸಾಸಿವೆಯಂತೆ ಪೇಟೆ ತುಂಬ ಸಿಡಿಯಿತು. ಪ್ರೆಸ್ಸಿನ ಬಾಗಿಲು ತೆಗೆಯುವಷ್ಟರಲ್ಲಿ ನಾಗೇಂದ್ರ ಬಂದು ನಿಂತಿದ್ದ. ಮಗಳ ಮದುವೆಯ ಕರೆಯೋಲೆ ಅಚ್ಚಿಗೆ ಕೊಟ್ಟವನು ಅದನ್ನು ವಾಪಸು ಕೇಳಿದ. ಹೋದ ವರ್ಷ ಇವನ ಹೊಸ ಮನೆಯ ಗೃಹಪ್ರವೇಶವನ್ನು ಮಧುಸೂದನ 'ಗ್ರಹಪ್ರವೇಶ' ಎಂದು ಅಚ್ಚು ಹಾಕಿ, ನೆಂಟರೆಲ್ಲ ಯಾವ ಗ್ರಹ, ಶನಿಯೋ ರಾಹುವೋ ಎಂದು ಕೇಳಿದ್ದರು.

"ಆಗ ನಿಮ್ಗೆ ಬೈದಿದ್ದೆ. ತಪ್ಪಾಯ್ತು," ಎಂದ ನಾಗೇಂದ್ರ. "ಓದೋಕೆ ಬರಲ್ಲ ಅಂತ ನಂಗೇನ್ ಗೊತ್ತು?"

ಮಧುಸೂದನನಿಗೆ ತಲೆಬುಡ ತಿಳಿಯಲಿಲ್ಲ. ತಿಳಿದಾಗ ಸಿಟ್ಟು ಬಂತು. ತಾನು ಓದುತ್ತಿರುವುದು ಎಂ.ಎ. ಎಂದ. ನಾಗೇಂದ್ರ ಅವನ ಬೆನ್ನು ತಟ್ಟಿ, ಮೊದಲು ಒಂದನೇ ಕ್ಲಾಸು ಆಗಲಿ, ಆಮೇಲೆ ಅದನ್ನೂ ಮಾಡಿದರಾಯಿತು ಎಂದು ಸಮಾಧಾನ ಹೇಳಿ ಹೋದ. ರೋಸಿಹೋದ ಮಧುಸೂದನ ಪೇಪರು ಹಿಡಿದು ಸರ್ಕಲ್ಲಿನಲ್ಲಿ ನಿಂತು, ಒಂದು ಪುಟವನ್ನು ಎಲ್ಲರಿಗೂ ಕೇಳುವಂತೆ ಓದಿದ. ಅಡಿಕೆ ಧಾರಣೆಯನ್ನೂ ಬಿಡಲಿಲ್ಲ.

ಜನ ತಲೆದೂಗಿದರು. ರಾತ್ರಿಯೆಲ್ಲ ಯಾರ ಹತ್ತಿರವೋ ಓದಿಸಿ ಬಾಯಿಪಾಠ ಮಾಡಿದ್ದಾನೆ, ಹೆಂಡತಿಯೇ ಹೇಳಿಕೊಟ್ಟಿರಬೇಕು, ಎಂದುಕೊಂಡರು. ಅಷ್ಟರಲ್ಲಿ ಹೆಂಡತಿ ವಿನಯಾಳ ಫೋನು ಬಂತು. ಇಷ್ಟು ವರ್ಷ ದಿನಸಿ ಚೀಟಿ ಕೊಟ್ಟರೂ ಅರ್ಧ ಸಾಮಾನು ತರದೆ ಬರುತ್ತಿದ್ದುದು ಇದಕ್ಕೇನಾ ಎಂದು ಕೇಳಿದಳು. ಅದು ಮರೆವು ಎಂದರೆ ಅವಳು ನಂಬಲಿಲ್ಲ.

ಮಧ್ಯಾಹ್ನ ಹಾಲಿನ ಡೇರಿಯ ಹಿಂದಿನ ಕೋಣೆಗೆ ಅವನು ಹೋದಾಗ ಕಾಲಿಡಲು ಜಾಗವಿರಲಿಲ್ಲ. ಅವನ ಹತ್ತಿರ ಎರಡು ತಿಂಗಳಿಂದ ಗುಟ್ಟಾಗಿ ಅಕ್ಷರ ಕಲಿಯುತ್ತಿದ್ದ ಕನ್ನಮ್ಮ ಮತ್ತು ಅವಳ ಜೊತೆಯ ಹೆಂಗಸರು ಮುಂದೆ ಕೂತಿದ್ದರು. ಅವರ ಹಿಂದೆ, ಮಧುಸೂದನನಿಗೆ ಧೈರ್ಯ ಕೊಡಲು ಅರ್ಧ ಪೇಟೆ ನಿಂತಿತ್ತು. ಮೂಲೆಯ ಕುರ್ಚಿಯಲ್ಲಿ ಅಪೇಕ್ಷಾ ಮೇಡಂ. ಅವರಿಗೆ ಆಗಲೇ ದುಗ್ಗಮ್ಮ ಚಹಾ ಕೊಟ್ಟು, ನಮ್ಮ ಹುಡುಗ ಹೆದರುಪುಕ್ಕಲ, ಗದರಿಸಬೇಡಿ ಎಂದು ಹೇಳಿಯಾಗಿತ್ತು.

ಮಧುಸೂದನ ಬೋರ್ಡಿನ ಮೇಲೆ 'ಅ' ಬರೆದು, ಪುಸ್ತಕದಲ್ಲಿ ಹೇಳಿದ್ದ ಕ್ರಮದಂತೆ ಕಲಿಯುವವರನ್ನೇ ಕೇಳಿದ.

"ಇದು ಯಾವ ಅಕ್ಷರ?"

ಹಿಂದೆ ನಿಂತವರೆಲ್ಲ ಮರುಗಿದರು. ಅದೂ ಗೊತ್ತಿಲ್ಲ ಪಾಪ. "ಅ" ಎಂದು ಎಲ್ಲರೂ ಒಟ್ಟಿಗೆ ಹೇಳಿಕೊಟ್ಟರು. ಅವನು 'ಆ' ಬರೆದ. ಅದನ್ನೂ ಹೇಳಿಕೊಟ್ಟರು. ದಯವಿಟ್ಟು ಸುಮ್ಮನಿರಿ ಎಂದು ಅಂಗಲಾಚಿದಾಗ ಅವನಿಗೆ ಅಳುವೇ ಬಂತು, ಕೈಯಲ್ಲಿದ್ದ ಸೀಮೆಸುಣ್ಣ ಮುರಿದು ಬಿತ್ತು.

ಕನ್ನಮ್ಮನಿಗೆ ನೋಡಲಾಗಲಿಲ್ಲ. ಎರಡು ತಿಂಗಳಿಂದ ಅಣ್ಣ ಪ್ರತಿ ಅಕ್ಷರ ಬರೆದು ಇದು ಯಾವುದು ಎಂದು ತಮ್ಮನ್ನೇ ಕೇಳುತ್ತಿದ್ದುದು ಗೊತ್ತಿಲ್ಲದೆಯೇ ಇರಬೇಕು ಎಂದು ಅವಳಿಗೂ ಈಗ ಅನಿಸಿತು. ಎಷ್ಟು ಕರೆದರೂ ನಾಚಿ ಒಮ್ಮೆಯೂ ಬೋರ್ಡಿನ ಹತ್ತಿರ ಬರದಿದ್ದವಳು ಎದ್ದು ಬಂದಳು. ಸೀಮೆಸುಣ್ಣ ಎತ್ತಿಕೊಂಡು ಅವನ ಕೈ ಹಿಡಿದಳು.

"ಅಳ್ಬ್ಯಾಡಿ ಅಣ್ಣಾ. ಇದು 'ಇ'. ಇಲ್ಲಿ ಸುತ್ತಿ ಹಿಂಗೆ ಎಳೀಬೇಕು. ನಂಗೂ ಮೊದ್ಲು ಬರ್ತಿರ್ಲಿಲ್ಲ."

ಅವಳು 'ಇ' ಬರೆದಳು, 'ಈ' ಬರೆದಳು. ಜೊತೆಯ ಹೆಂಗಸರೂ ಒಬ್ಬೊಬ್ಬರಾಗಿ ಎದ್ದು ಬಂದು ಒಂದೊಂದು ಅಕ್ಷರ ಬರೆದು ಅವನಿಗೆ ತೋರಿಸಿದರು. ಕೋಣೆ ಚಪ್ಪಾಳೆ ತಟ್ಟಿತು. ಎಲ್ಲ ಮುಗಿಯಿತೆಂದು ಮಧುಸೂದನ ಗೋಡೆಗೆ ಒರಗಿ ನಿಂತುಬಿಟ್ಟ.

ಜನ ಹೊರಗೆ ಹೋದ ಮೇಲೆ ಮೇಡಂ ಹತ್ತಿರ ಬಂದರು. ಅವನು ಕ್ಷಮೆ ಕೇಳಲು ಬಾಯಿ ತೆರೆದರೆ, ಅವರು ಕೈ ಕುಲುಕಿದರು.

"ಇಂಥ ಪಾಠ ನಾನು ನೋಡಿಯೇ ಇರ್ಲಿಲ್ಲ ಮಧುಸೂದನ್. ನೀವೇ ಓದು ಬಾರದವರ ಹಾಗೆ ನಟಿಸಿ, ಆ ಹೆಂಗಸರನ್ನ ಮೇಷ್ಟ್ರು ಮಾಡಿಬಿಟ್ರಿ. ಪೂರ್ತಿ ಅಂಕ ಕೊಡ್ತೀನಿ."

ಮಧುಸೂದನ ನಟನೆ ಅಲ್ಲ ಎನ್ನಬೇಕೋ, ಹೌದು ಎನ್ನಬೇಕೋ ತಿಳಿಯದೆ ತಲೆಯನ್ನು ಅಡ್ಡಕ್ಕೂ ಉದ್ದಕ್ಕೂ ಆಡಿಸಿದ.

"ನಿಮ್ಮ ಪ್ರಬಂಧಕ್ಕೂ ಇದೇ ವಿಷಯ ಇರ್ಲಿ," ಎಂದರು ಮೇಡಂ. "ಇನ್ನೊಂದು ವರ್ಷ ಹೀಗೇ ಮುಂದುವರಿಸಿ. ಆದ್ರೆ ನಿಮಗೆ ಓದು ಬರುತ್ತೆ ಅಂತ ಒಬ್ಬರಿಗೂ ಗೊತ್ತಾಗ್ಬಾರ್ದು. ಗೊತ್ತಾದ್ರೆ ಪ್ರಯೋಗ ಕೆಟ್ಟ ಹಾಗೆ. ಡಿಗ್ರಿ ಕೊಡೋಕೆ ಆಗಲ್ಲ."

ಇಬ್ಬರೂ ರಸ್ತೆಗೆ ಬಂದರು. ಹೊಸನಗರದ ಬಸ್ಸು ಬಂದು ನಿಂತಿತು. ಭೂತಪ್ಪ ಅದರ ಬೋರ್ಡಿನ ಕಡೆ ಕೈ ತೋರಿಸಿ, ಇಷ್ಟೊತ್ತು ಕಲಿತಿರಲ್ಲ, ಎಲ್ಲಿಗೆ ಹೋಗುತ್ತೆ ಓದಿ ನೋಡೋಣ ಎಂದ.

ಮಧುಸೂದನ ಬೋರ್ಡು ನೋಡಿದ, ಮೇಡಂ ಮುಖ ನೋಡಿದ. ಆಮೇಲೆ ತಲೆ ತಗ್ಗಿಸಿದ.

"ಗೊತ್ತಾಗ್ತಾ ಇಲ್ಲ ಭೂತಪ್ಪಣ್ಣ," ಎಂದ.