ಒಂದು ಮಗುವಿಗೆ ತಿಂಗಳಿಗೆಷ್ಟು?

ನಾನು ಕೆಟ್ಟವನಲ್ಲ. ಕೆಟ್ಟವರೆಲ್ಲ ಹೀಗೆಯೇ ಮಾತು ಶುರು ಮಾಡುತ್ತಾರೆಂದು ಗೊತ್ತಿದ್ದೂ ಹೇಳುತ್ತಿದ್ದೇನೆ. ಇಷ್ಟು ವರ್ಷಗಳ ಸರ್ಕಾರಿ ನೌಕರಿಯಲ್ಲಿ ಲಂಚ ಮುಟ್ಟಿಲ್ಲ, ಯಾರ ಕಡತವನ್ನೂ ಬೇಕೆಂದೇ ಅಡಿಗೆ ಹಾಕಿಲ್ಲ, ಕಚೇರಿಯ ಪೆನ್ನು ಮನೆಗೆ ತಂದಿಲ್ಲ. ತಂದಿದ್ದರೂ ಮರೆತು ತಂದದ್ದು. ನಾನು ಮಾಡಿದ ಒಂದೇ ಅಪರಾಧವೆಂದರೆ ಒಂದು ಮಧ್ಯಾಹ್ನ, ಊಟಕ್ಕೂ ಕಾಫಿಗೂ ನಡುವೆ, ಒಂದು ಮಗುವನ್ನು ಸಾಕಲು ತಿಂಗಳಿಗೆ ಎಷ್ಟು ಹಣ ಬೇಕೆಂದು ಲೆಕ್ಕ ಹಾಕಿಕೊಟ್ಟದ್ದು.

ಸರ್ಕಾರದಲ್ಲಿ ಎಲ್ಲದಕ್ಕೂ ದರ ಇರುತ್ತದೆ. ರಸ್ತೆ ಅಗೆಯಲು ಮೀಟರಿಗಿಷ್ಟು, ಅಗೆದದ್ದನ್ನು ಮುಚ್ಚಲು ಇಷ್ಟು, ಮುಚ್ಚಿದ್ದನ್ನು ಮತ್ತೆ ಅಗೆಯಲು ಇಷ್ಟು. ಹಾಗೆಯೇ ಒಂದು ದಿನ ನನ್ನ ಮೇಜಿಗೆ ಪೋಷಕತ್ವದ ಕಡತ ಬಂತು. ಹೆತ್ತವರಿಲ್ಲದ, ಇದ್ದರೂ ಸಾಕಲಾಗದ ಮನೆಯ ಮಕ್ಕಳು ಬಾಲಮಂದಿರದಲ್ಲಿ ಬೆಳೆಯುವ ಬದಲು ಯಾವುದಾದರೂ ಸಂಸಾರದಲ್ಲಿ ಬೆಳೆಯಲಿ ಎಂಬುದು ಯೋಜನೆ. ದತ್ತು ಅಲ್ಲ, ಕೆಲವು ಕಾಲ ಸಾಕುವುದು. ಹಾಗೆ ಸಾಕುವವರಿಗೆ ತಿಂಗಳಿಗೆ ಎಷ್ಟು ಕೊಡಬೇಕು? "ಸಂಜೆ ಒಳಗೆ ಒಂದು ಟಿಪ್ಪಣಿ ಹಾಕ್ಬಿಡಿ ಶಿವಾನಂದ್" ಎಂದರು ಸಾಹೇಬರು. ನಾನು ಯಾವ ತಾಯಿಯನ್ನೂ ಕೇಳಲಿಲ್ಲ. ವಿದ್ಯಾರ್ಥಿನಿಲಯದ ದರಪಟ್ಟಿ ತರಿಸಿಕೊಂಡು ಅದರಲ್ಲಿ ಕಳೆಯುತ್ತಾ ಹೋದೆ. ಮನೆಯಲ್ಲಿ ಒಲೆ ಹೇಗೂ ಉರಿಯುತ್ತಿರುತ್ತದೆ, ಗ್ಯಾಸಿನ ಖರ್ಚು ಬೇಡ. ಮನೆ ಹೇಗೂ ಇರುತ್ತದೆ, ಬಾಡಿಗೆ ಬೇಡ. ಮಗುವಿನ ಮೈ ಚಿಕ್ಕದು, ಸೋಪು ಅರ್ಧ ಸಾಕು. ಚಪ್ಪಲಿ ವರ್ಷಕ್ಕೊಂದು ಜೊತೆ. ಸಾಹೇಬರು ಓದಿ, "ಭಲೇ, ಮಿತವ್ಯಯ ಅಂದ್ರೆ ಇದು" ಎಂದರು. ಆ ದಿನ ನಾನು ಬಸ್ಸಿನಲ್ಲಿ ನಿಂತುಕೊಂಡೇ ಕುರುಬರಹಳ್ಳಿಯ ಮನೆಗೆ ಬಂದರೂ ಕಾಲು ನೋಯಲಿಲ್ಲ.

ಆಮೇಲೆ ನನಗೆ ಬೇರೆ ಇಲಾಖೆಗೆ ವರ್ಗವಾಯಿತು, ಕಡತ ಮರೆತೂ ಹೋಯಿತು. ನನಗೂ ಹೆಂಡತಿ ಗಿರಿಜಾಳಿಗೂ ಮಕ್ಕಳಾಗಲಿಲ್ಲ. ಅದಕ್ಕಾಗಿ ಮಾಡಬೇಕಾದದ್ದನ್ನೆಲ್ಲ ಮಾಡಿ, ಅಳಬೇಕಾದಷ್ಟು ಅತ್ತು, ಇಬ್ಬರೂ ಐವತ್ತರ ಆಚೀಚೆ ಬಂದು ಸುಮ್ಮನಾಗಿದ್ದೆವು. ಆಗ ಶಾಲೆಯಲ್ಲಿ ಟೀಚರಾಗಿರುವ ಗಿರಿಜಾ ಎಲ್ಲಿಂದಲೋ ಈ ಯೋಜನೆಯ ಕರಪತ್ರವೊಂದನ್ನು ತಂದು ನನ್ನ ಮುಂದಿಟ್ಟಳು. ನಾನು ಕನ್ನಡಕ ಹುಡುಕುವ ನೆಪದಲ್ಲಿ ಎದ್ದುಹೋದೆ.

ಹೀಗೆ ಪವಿತ್ರಾ ನಮ್ಮ ಮನೆಗೆ ಬಂದಳು. ಒಂಬತ್ತು ವರ್ಷ. ಬಾಲಮಂದಿರದ ಅಭ್ಯಾಸ, ಮನೆಯಲ್ಲೂ ನನ್ನನ್ನು "ಸಾರ್" ಅನ್ನುತ್ತಿದ್ದಳು. ನಾನು ನಡುಮನೆಗೆ ಬಂದರೆ ಎದ್ದು ನಿಲ್ಲುತ್ತಿದ್ದಳು. ಕಚೇರಿಯಲ್ಲಿ ಯಾರೂ ಕೊಡದ ಮರ್ಯಾದೆ ಮನೆಯಲ್ಲಿ ಸಿಕ್ಕಿದ್ದರಿಂದ ನನಗೆ ಒಳಗೊಳಗೇ ಖುಷಿಯಾಗುತ್ತಿತ್ತು ಎಂದು ಹೇಳಿಕೊಳ್ಳಲು ನಾಚಿಕೆಯಾಗುತ್ತದೆ. ಆದರೆ ಆ ಮಗು ತಿನ್ನುತ್ತಿತ್ತು ನೋಡಿ! ನಾಳೆ ಸಿಗುವುದೋ ಇಲ್ಲವೋ ಎಂಬ ಹಾಗೆ ತಿನ್ನುತ್ತಿತ್ತು. ಪಾದಗಳಂತೂ ಸರ್ಕಾರದ ಆದೇಶವನ್ನೇ ಓದಿರಲಿಲ್ಲ. ಆರು ತಿಂಗಳಲ್ಲಿ ಮೂರು ಜೊತೆ ಚಪ್ಪಲಿ ಬದಲಾದವು. ಅವಳಿಗೆ ಒಂದು ಕಿವಿ ಸರಿಯಾಗಿ ಕೇಳಿಸದು. ಶಿಬಿರವೊಂದರಲ್ಲಿ ಕಿವಿಯ ಯಂತ್ರ ಪುಕ್ಕಟೆ ಕೊಟ್ಟಿದ್ದರು. ಅದರೊಳಗಿನ ಬ್ಯಾಟರಿ ಮಾತ್ರ ಪುಕ್ಕಟೆಯಲ್ಲ, ವಾರ ಕಳೆದರೆ ಮುಗಿಯುತ್ತಿತ್ತು.

ಗಿರಿಜಾ ಒಂದು ಭಾನುವಾರ ಆದೇಶದ ಪ್ರತಿ ಹಿಡಿದು ಕೂತಳು. ಓದುತ್ತಾ ಓದುತ್ತಾ ಅವಳ ಹುಬ್ಬು ಗಂಟಾಯಿತು.

"ರೀ, ಈ ಲೆಕ್ಕ ಹಾಕ್ದೋನು ಯಾವನ್ರೀ? ಅವನ ಮನೇಲಿ ಮಕ್ಕಳಿರ್ಲಿಲ್ವಾ?"

"ಇರ್ಲಿಲ್ಲ" ಎಂದೆ.

ಅವಳು ತಲೆಯೆತ್ತಿ ನನ್ನನ್ನೇ ನೋಡಿದಳು. ಮದುವೆಯಾಗಿ ಇಷ್ಟು ವರ್ಷವಾದ ಮೇಲೆ ಹೆಂಡತಿಗೆ ತಪ್ಪೊಪ್ಪಿಗೆ ಬಾಯಿಬಿಟ್ಟು ಹೇಳಬೇಕಾಗುವುದಿಲ್ಲ. ಅವಳು ಬೈಯಲಿಲ್ಲ. ಮರುದಿನದಿಂದ ಅಡುಗೆಮನೆಯ ತಕ್ಕಡಿ ತೆಗೆದು ಆದೇಶದಲ್ಲಿದ್ದ ತೂಕದಷ್ಟೇ ಅಕ್ಕಿ, ಅಷ್ಟೇ ಬೇಳೆ, ಅಷ್ಟೇ ಎಣ್ಣೆಯಲ್ಲಿ ನನಗೆ ಪ್ರತ್ಯೇಕ ಅಡುಗೆ ಮಾಡಿದಳು. "ನೀವು ಹಾಕಿದ ಲೆಕ್ಕ, ನೀವೇ ಉಣ್ಣಿ" ಎಂದಳು. ನಾಲ್ಕು ದಿನ ಕಚೇರಿಯ ಕ್ಯಾಂಟೀನಿನಲ್ಲಿ ಎರಡೆರಡು ಪ್ಲೇಟು ಇಡ್ಲಿ ತಿಂದು ಬದುಕಿದೆ. ಐದನೆಯ ದಿನ ಪವಿತ್ರಾ ತನ್ನ ತಟ್ಟೆಯ ಚಪಾತಿಯೊಂದನ್ನು ಮೆಲ್ಲಗೆ ನನ್ನ ತಟ್ಟೆಗೆ ದಾಟಿಸಿದಳು. ನಾನು ಎದ್ದು ಕೈತೊಳೆಯಲು ಹೋಗಿ ಬಹಳ ಹೊತ್ತು ನಲ್ಲಿಯ ಮುಂದೆಯೇ ನಿಂತಿದ್ದೆ.

ನಮ್ಮದು ಬಿಡಿ, ಎರಡು ಸಂಬಳದ ಮನೆ. ಪವಿತ್ರಾಳಿಗೆ ಪಲ್ಲವಿ ಎಂಬ ಐದು ವರ್ಷದ ತಂಗಿ ಇದ್ದಳು. ಇಬ್ಬರನ್ನೂ ನಮಗೇ ಕೊಡಿ ಎಂದು ಕೇಳಿದ್ದೆವು. ಮನೆ ನೋಡಲು ಬಂದವರು, ಇರುವುದೇ ಎರಡು ಕೋಣೆ, ಒಂದರಲ್ಲಿ ಹಾಸಿಗೆ ಹಿಡಿದ ನನ್ನ ತಾಯಿ, ಎರಡನೇ ಮಗುವಿಗೆ ಜಾಗವಿಲ್ಲ ಎಂದು ಬರೆದುಕೊಂಡು ಹೋದರು. ಹಾಗಾಗಿ ಪಲ್ಲವಿ ಕೆಂಗೇರಿಯ ಮಂಗಳಮ್ಮ ಎಂಬವರ ಮನೆ ಸೇರಿದ್ದಳು. ಮಂಗಳಮ್ಮ ಗಂಡನನ್ನು ಕಳೆದುಕೊಂಡವರು, ಒಂಟಿ, ಬ್ಲೌಸ್ ಹೊಲಿಯುತ್ತಾರೆ. ಅವರಿಗೆ ಮನೆ ಎಂಬುದು ಒಂದೇ ಕೋಣೆ. ಅದರಲ್ಲಿ ಜಾಗ ಹೇಗೆ ಕಂಡಿತೆಂದು ಕೇಳಬೇಡಿ, ಅವರ ಮನೆ ನೋಡಿದ ಅಧಿಕಾರಿ ಬೇರೆ.

ಭಾನುವಾರಗಳಲ್ಲಿ ಪವಿತ್ರಾಳನ್ನು ಮೆಟ್ರೋ ಹತ್ತಿಸಿ ಕೆಂಗೇರಿಗೆ ಕರೆದೊಯ್ಯುತ್ತಿದ್ದೆ. ಅಕ್ಕತಂಗಿಯರು ಹೊಲಿಗೆ ಯಂತ್ರದ ಕೆಳಗೆ ಕೂತು ಬಟ್ಟೆ ಚೂರುಗಳಲ್ಲಿ ಆಡುತ್ತಿದ್ದರು. ಪಲ್ಲವಿಗೆ ಪದೇಪದೇ ಉಬ್ಬಸ ಬರುತ್ತಿತ್ತು. ಅವಳನ್ನು ಆಸ್ಪತ್ರೆಗೆ ಕರೆದೊಯ್ದ ದಿನ ಹೊಲಿಗೆ ನಿಲ್ಲುತ್ತಿತ್ತು, ಹೊಲಿಗೆ ನಿಂತ ದಿನ ಕೂಲಿ ನಿಲ್ಲುತ್ತಿತ್ತು. ನನ್ನ ಟಿಪ್ಪಣಿಯಲ್ಲಿ ಉಬ್ಬಸಕ್ಕೂ ಜಾಗವಿರಲಿಲ್ಲ, ನಿಂತ ಯಂತ್ರಕ್ಕೂ ಇರಲಿಲ್ಲ.

"ಇನ್ನು ಎರಡು ತಿಂಗಳು ನೋಡ್ತೀನಿ ಸಾರ್" ಎಂದರು ಮಂಗಳಮ್ಮ ಒಂದು ಸಲ, ತಲೆಯೆತ್ತದೆ ಹುಕ್ಸ್ ಹೊಲಿಯುತ್ತಾ. "ಆಮೇಲೆ ವಾಪಸ್ ಬಿಟ್ಟು ಬರ್ಬೇಕಾಗತ್ತೆ. ನಂಗೇನು ಆಸೆನಾ ಹೇಳಿ?"

ಬೇಕಾದರೆ ಕೈಯಿಂದ ಒಂದಿಷ್ಟು ಕೊಡುತ್ತೇನೆ ಎಂದೆ. ಮಂಗಳಮ್ಮ ಹಲ್ಲಿನಿಂದ ದಾರ ಕಡಿದು, "ನೀವು ಒಬ್ರು ಕೊಡ್ತೀರಾ. ನಾಳೆ ನಿಮಗೆ ಏನಾದ್ರೂ ಆದ್ರೆ? ಮಗೂನ ದಾನದ ಮೇಲೆ ಸಾಕೋಕಾಗಲ್ಲ ಸಾರ್" ಎಂದರು.

ದರ ಹೆಚ್ಚಿಸಬೇಕೆಂದು ಅರ್ಜಿ ಹಿಡಿದು ನನ್ನ ಹಳೆಯ ಇಲಾಖೆಗೇ ಹೋದೆ. ನಾನು ಕೂರುತ್ತಿದ್ದ ಜಾಗದಲ್ಲಿ ಈಗೊಬ್ಬ ಹೊಸ ಹುಡುಗ. ಒಳ್ಳೆಯವನು, ಕೂರಿಸಿದ, ಕಾಫಿ ತರಿಸಿದ. ಕಡತ ತೆಗೆದು ಓದಿ ಹೇಳಿದ: "'ಮನೆಯಲ್ಲಿ ಒಲೆ ಈಗಾಗಲೇ ಉರಿಯುತ್ತಿರುವುದರಿಂದ ಪ್ರತ್ಯೇಕ ಇಂಧನ ವೆಚ್ಚದ ಅಗತ್ಯ ಕಂಡುಬರುವುದಿಲ್ಲ.' ನೋಡಿ ಸಾರ್, ಯಾರೋ ಹಳಬರು, ಒಂದು ಕಡೆನೂ ಸಂದು ಬಿಟ್ಟಿಲ್ಲ. ಇದನ್ನ ಹೇಗೆ ಅಲ್ಲಗಳೀಲಿ ನಾನು?" ವಾಕ್ಯ ಚೆನ್ನಾಗಿದೆ ಎಂದು ಒಂದು ಕ್ಷಣ ನನಗೆ ಹೆಮ್ಮೆಯಾಯಿತು. ದೇವರಾಣೆಗೂ ಆಯಿತು. ನನ್ನನ್ನು ಅರ್ಥ ಮಾಡಿಕೊಳ್ಳಲು ಇದಕ್ಕಿಂತ ಬೇರೆ ಸಾಕ್ಷಿ ಬೇಡ.

ಅರ್ಜಿ ತಿರಸ್ಕೃತವಾಯಿತು. ಮಂಗಳಮ್ಮ ಎರಡಲ್ಲ, ಮೂರು ತಿಂಗಳು ತಡೆದರು. ಆಮೇಲೆ ಒಂದು ಬೆಳಿಗ್ಗೆ ಪಲ್ಲವಿಗೆ ಹೊಸ ಫ್ರಾಕು ಹೊಲಿದು ತೊಡಿಸಿ, ಬಾಲಮಂದಿರಕ್ಕೆ ಬಿಟ್ಟು ಬಂದರು. ಆ ಭಾನುವಾರ ಮೆಟ್ರೋ ಹತ್ತದೆ ನಾವು ಮನೆಯಲ್ಲೇ ಉಳಿದೆವು. ಪವಿತ್ರಾ ಏನನ್ನೂ ಕೇಳಲಿಲ್ಲ. ಬೆಳೆಯುವ ಮಕ್ಕಳು ಕೇಳಬೇಕಾದದ್ದನ್ನು ಕೇಳದಿದ್ದರೆ ಮನೆ ಎಷ್ಟು ದೊಡ್ಡದಾಗಿಬಿಡುತ್ತದೆಂದು ಅಂದು ಗೊತ್ತಾಯಿತು.

ಇಷ್ಟಾದ ಮೇಲೆ, ಸರ್ಕಾರದ ರೀತಿಯಂತೆ, ದರ ಪರಿಷ್ಕರಣೆಗೆ ಒಂದು ಸಮಿತಿಯಾಯಿತು. ಸಾಕುವ ಕುಟುಂಬಗಳ ಪರವಾಗಿ ಮಾತಾಡಲು ನನ್ನನ್ನು ಕರೆದರು. ಗಿರಿಜಾ ವಾರವಿಡೀ ಕೂತು ಪಟ್ಟಿ ಮಾಡಿಕೊಟ್ಟಳು. ಗ್ಯಾಸು, ಔಷಧಿ, ಬ್ಯಾಟರಿ, ನಿಂತ ಕೂಲಿ, ಎಲ್ಲ. ಒಟ್ಟು ಮೊತ್ತ ಈಗಿನ ದರದ ಮೂರರಷ್ಟಾಗಿತ್ತು. "ಹೆದರ್ಬೇಡಿ. ಇದನ್ನೇ ಹೇಳಿ" ಎಂದು ಪಟ್ಟಿಯನ್ನು ನನ್ನ ಜೇಬಿಗೆ ತಾನೇ ಇಟ್ಟಳು.

ಸಭೆಯಲ್ಲಿ ಅಧ್ಯಕ್ಷರು ಹಸನ್ಮುಖಿ. "ಶಿವಾನಂದ್ ಅವರೇ, ನೀವು ಮಗು ಸಾಕ್ತಾ ಇದೀರಿ, ನಿಮಗೆ ಗೊತ್ತಿರತ್ತೆ. ಎಷ್ಟು ಮಾಡೋಣ, ಹೇಳಿಬಿಡಿ" ಎಂದರು. ಹದಿನೈದು ಜನ ನನ್ನ ಮುಖ ನೋಡಿದರು. ಜೀವಮಾನವಿಡೀ ಬೇರೆಯವರ ಮೊತ್ತವನ್ನು ಕತ್ತರಿಸಿದವನು ನಾನು, ಎಂದೂ ಒಂದು ಮೊತ್ತವನ್ನು ಕೇಳಿದವನಲ್ಲ. ಮೂರರಷ್ಟು ಎಂದರೆ ನಗುತ್ತಾರೆ ಅನ್ನಿಸಿತು. ಎರಡರಷ್ಟು ಎಂದರೂ ಆಸೆಬುರುಕ ಅಂದುಕೊಳ್ಳುತ್ತಾರೆ ಅನ್ನಿಸಿತು. ಜೇಬಿನ ಪಟ್ಟಿ ತೆಗೆಯದೆಯೇ, "ಸರ್ಕಾರಕ್ಕೆ ಹೊರೆಯಾಗದಂತೆ... ಈಗಿನದಕ್ಕೆ ಅರ್ಧದಷ್ಟು ಸೇರಿಸಿದರೆ..." ಎಂದೆ.

"ಅಷ್ಟೇನಾ? ಮಂಜೂರು!" ಎಂದು ಅಧ್ಯಕ್ಷರು ಮೇಜು ತಟ್ಟಿದರು. ಹಣಕಾಸಿನವರು ಕಡತ ಮುಚ್ಚುತ್ತಾ ನನ್ನ ಕೈ ಕುಲುಕಿ, "ನಾವು ನೀವು ಹೇಳಿದ್ದರ ಎರಡರಷ್ಟಕ್ಕೆ ತಯಾರಾಗಿ ಬಂದಿದ್ವಿ ಸಾರ್. ನಿಮ್ಮಂಥೋರು ಇರ್ಬೇಕು" ಎಂದರು.

ಅಲ್ಲಿಂದ ನೇರ ಕೆಂಗೇರಿಗೆ ಹೋದೆ. ಮಂಗಳಮ್ಮ ಹೊಸ ದರ ಕೇಳಿ ಬೆರಳು ಮಡಚುತ್ತಾ ತುಟಿಯಲ್ಲೇ ಲೆಕ್ಕ ಹಾಕಿದರು. ಬಹಳ ಹೊತ್ತು ಹಾಕಿದರು. ಮೊದಲ ಸಲ ಅವರ ಕಣ್ಣಲ್ಲಿ ಆಸೆ ಕಂಡಿತು. ಅದು ಮೆಲ್ಲಗೆ ಆರಿತು.

"ಇನ್ನೊಂಚೂರು ಇದ್ದಿದ್ರೆ ಆಗ್ತಿತ್ತು ಸಾರ್" ಎಂದರು. "ಒಂಚೂರು. ನೀವು ಬಹಳ ಹೋರಾಡಿರ್ಬೇಕು ಪಾಪ. ಕೂತ್ಕೊಳಿ, ಕಾಫಿ ಮಾಡ್ತೀನಿ."

ಕೂತೆ. ಕೊಟ್ಟ ಕಾಫಿ ಕುಡಿದೆ. ಸಕ್ಕರೆ ಸಾಕಾ ಎಂದು ಕೇಳಿದರು. ಇನ್ನೂ ಸ್ವಲ್ಪ ಬೇಕಿತ್ತು, ಆದರೂ ಸಾಕು ಎಂದೆ.